ತಾಳೆಯಾದ ಚಿತ್ರಗಳು, ತಾಳೆಯಾಗದ ಚಿತ್ರಗಳು

"2024ರಲ್ಲಿ ನೀವು ನೋಡಿದ ಚಿತ್ರಗಳಲ್ಲಿ ಯಾವುವು ಮನಸ್ಸಿನಲ್ಲಿ ಉಳಿದವು, ಯಾವುವು ದುಡ್ಡು ದಂಡ ಎನ್ನಿಸಿದವು? ವಿಮರ್ಶಕರ ಪಟ್ಟಿ ಬೇಡ, ಸ್ವಂತ ಅಭಿಪ್ರಾಯ ಹೇಳಿ" ಎಂದು ನೀವು ಕೇಳಿದ್ದೀರಿ. ವಿಮರ್ಶಕನಾಗುವ ಅರ್ಹತೆ ನನಗೆ ಹೇಗೂ ಇಲ್ಲ. ಕಲಬುರಗಿಯ ಒಂದು ದಾಲ್‌ಮಿಲ್ಲಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಆದರೆ ಪಟ್ಟಿ ಮಾತ್ರ ನನ್ನ ಹತ್ತಿರ ಪಕ್ಕಾ ಇದೆ. ಗಂಜ್ ಅಂದರೆ ನಮ್ಮ ಊರಿನ ಧಾನ್ಯದ ಮಾರುಕಟ್ಟೆ; ಅಲ್ಲಿನ ಅಡತ್ (ದಲ್ಲಾಳಿ) ಅಂಗಡಿಯವರು ಹೊಸ ವರ್ಷಕ್ಕೆ ಕೊಡುವ ಡೈರಿಯ ಕೊನೆಯ ಪುಟಗಳಲ್ಲಿ ನೋಡಿದ ಚಿತ್ರ, ತಾರೀಖು, ತಗುಲಿದ ಖರ್ಚು ಮತ್ತು ಒಂದು ಸಾಲಿನ ಷರಾ ಬರೆದಿಡುವುದು ನನ್ನ ಹಳೆಯ ಚಾಳಿ. ಆ ವರ್ಷದ್ದು ಎಣಿಸಿದರೆ ನಲವತ್ತೊಂದು ಚಿತ್ರ. ಅದರಲ್ಲಿ ಚಿತ್ರಮಂದಿರಕ್ಕೆ ಹೋಗಿ ನೋಡಿದ್ದು ಒಂಬತ್ತು. ಉಳಿದವು ಮನೆಯ ಟಿವಿಯಲ್ಲಿ, ಮಗಳ ಖಾತೆಯ ಕೃಪೆಯಿಂದ.

ನನ್ನ ಅಳತೆಗೋಲನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ ಬೇಡ. ಚಿತ್ರದೊಳಗಿನ ಲೆಕ್ಕ ತಾಳೆಯಾಗಬೇಕು. ನಾಯಕ ಏನು ಕೆಲಸ ಮಾಡುತ್ತಾನೆ, ಊಟಕ್ಕೆ ದುಡ್ಡು ಎಲ್ಲಿಂದ ಬರುತ್ತದೆ, ಊರಿಂದ ಊರಿಗೆ ಹೋದರೆ ಟಿಕೆಟ್ ಯಾರು ತೆಗೆಸಿದರು ಎಂಬುದು ಚಿತ್ರ ಮಾಡಿದವರಿಗೆ ಗೊತ್ತಿರಬೇಕು. ತೆರೆಯ ಮೇಲೆ ಅದನ್ನು ತೋರಿಸಲೇಬೇಕು ಎಂದಿಲ್ಲ, ಅವರಿಗೆ ಗೊತ್ತಿದ್ದರೆ ಸಾಕು. ಗೊತ್ತಿದೆಯೋ ಇಲ್ಲವೋ ಎಂಬುದು ನನ್ನಂಥವನಿಗೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ, ಒಂದು ಹಿಡಿ ತೊಗರಿಯನ್ನು ಅಂಗೈಗೆ ಸುರಿದುಕೊಂಡರೆ ತೇವ ಎಷ್ಟಿದೆ ಎಂದು ನಮ್ಮ ಮಾಲೀಕರಿಗೆ ತಿಳಿಯುವ ಹಾಗೆ.

ಹಾಗಾದರೆ ಲೆಕ್ಕದವನ ಚಿತ್ರದಿಂದಲೇ ಶುರುಮಾಡುತ್ತೇನೆ: ತೆಲುಗಿನ 'ಲಕ್ಕಿ ಭಾಸ್ಕರ್'. ವೆಂಕಿ ಅಟ್ಲೂರಿ ನಿರ್ದೇಶನ, ದುಲ್ಕರ್ ಸಲ್ಮಾನ್ ನಾಯಕ. 1990ರ ಆಸುಪಾಸಿನ ಬೊಂಬಾಯಿ, ಬ್ಯಾಂಕಿನ ಕ್ಯಾಷಿಯರ್, ಮೈತುಂಬ ಸಾಲ. ಅವನು ವಾರದ ಕೊನೆಗೆ ಬ್ಯಾಂಕಿನ ಹಣವನ್ನು ಹೊರಗೆ ಒಯ್ದು, ವ್ಯಾಪಾರದಲ್ಲಿ ತಿರುಗಿಸಿ, ಸೋಮವಾರ ಮರಳಿ ಇಡುತ್ತಾನೆ. ಈ ಭಾಗ ಬಂದಾಗ ನಾನು ಸೋಫಾದಲ್ಲಿ ಬೆನ್ನು ಒರಗಿಸಿ ಕುಳಿತಿರಲಿಲ್ಲ. ಇಷ್ಟು ವರ್ಷ ರೋಕಡ ಮುಟ್ಟಿದವನಿಗೆ ಆ ಭಯ ಚೆನ್ನಾಗಿ ಗೊತ್ತು. ಒಮ್ಮೆ ನಲವತ್ತು ರೂಪಾಯಿ ತಾಳೆಯಾಗದೆ ರಾತ್ರಿ ಹನ್ನೊಂದರವರೆಗೆ ಮಿಲ್ಲಿನಲ್ಲಿ ಕುಳಿತಿದ್ದೆ. ಕೊನೆಗೆ ನೋಡಿದರೆ ಚಹಾದವನಿಗೆ ಕೊಟ್ಟಿದ್ದನ್ನು ಎರಡು ಸಲ ಬರೆದಿದ್ದೆ. ಕಳ್ಳತನ ಮಾಡದವನಿಗೇ ಅಷ್ಟು ಬೆವರು! ಚಿತ್ರದ ಮೊದಲರ್ಧದಲ್ಲಿ ಆ ಬೆವರು ಇದೆ. ದ್ವಿತೀಯಾರ್ಧದಲ್ಲಿ ಸೊನ್ನೆಗಳು ಹೆಚ್ಚಾದಷ್ಟೂ ಬೆವರು ಒಣಗುತ್ತ ಹೋಗುತ್ತದೆ. ಅವನಿಗೆ ಎಲ್ಲವೂ ಮೊದಲೇ ಗೊತ್ತಿರುವಂತೆ ಕತೆ ಓಡುತ್ತದೆ. ನಾಲ್ಕು ನೂರು ರೂಪಾಯಿಗೆ ನಡುಗುವ ಕೈಯನ್ನು ನಾನು ನಂಬುತ್ತೇನೆ, ನೂರು ಕೋಟಿಗೆ ನಡುಗದ ಕೈಯನ್ನು ನಂಬುವುದಿಲ್ಲ. ಆದರೂ ಒಬ್ಬ ಗುಮಾಸ್ತನನ್ನು ನಾಯಕನನ್ನಾಗಿ ಮಾಡಿದರಲ್ಲ, ಅದಕ್ಕೆ ನನ್ನ ಕಡೆಯಿಂದ ಐದು ಅಂಕ ಹೆಚ್ಚು. ಇದು ಪಕ್ಷಪಾತವೇ, ಒಪ್ಪುತ್ತೇನೆ.

ಇನ್ನು ಚಿತ್ರಮಂದಿರದ ಮಾತು. ಡಿಸೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ ಹೊಸ ತೊಗರಿಯ ಆವಕ. ಆಗ ನಮಗೆ ಮನೆಯ ದಾರಿಯೇ ಮರೆತುಹೋಗಿರುತ್ತದೆ. ಹಾಗಿದ್ದೂ ಫೆಬ್ರುವರಿಯ ಒಂದು ಭಾನುವಾರ ಬಿಡುವು ಮಾಡಿಕೊಂಡು ಹೆಂಡತಿಯೊಂದಿಗೆ ಕನ್ನಡದ ಒಂದು ಸಣ್ಣ ಚಿತ್ರಕ್ಕೆ ಹೋದೆ. ನಾವಿಬ್ಬರು, ಕಾಲೇಜಿನ ಮೂವರು ಹುಡುಗರು, ಒಟ್ಟು ಐದು ಜನ. "ಎಂಟು ಟಿಕೆಟ್ ಆಗದಿದ್ದರೆ ಆಟ ಹಾಕುವುದಿಲ್ಲ" ಎಂದರು ಗಲ್ಲೆಯಲ್ಲಿ ಕುಳಿತವರು. ಉಳಿದ ಮೂರು ಟಿಕೆಟ್ ನಾನೇ ತೆಗೆದುಕೊಳ್ಳುತ್ತೇನೆ ಎಂದೆ. ಹೆಂಡತಿ ನನ್ನ ಮುಖ ನೋಡಿದಳು. ಆ ನೋಟದ ಲೆಕ್ಕ ನನಗೆ ಚೆನ್ನಾಗಿ ಗೊತ್ತಿರುವುದರಿಂದ ಅಲ್ಲಿಂದ ಎದ್ದು ಮಿರ್ಚಿ ಭಜಿ ತಿಂದು ಮನೆಗೆ ಬಂದೆವು. ಡೈರಿಯಲ್ಲಿ ಆ ದಿನದ ಖರ್ಚು: ಭಜಿ, ಆಟೋ. ಷರಾ: "ಚಿತ್ರ ಚೆನ್ನಾಗಿತ್ತೋ ಏನೋ." ನಮ್ಮ ಊರಿನಲ್ಲಿ ಹಿಂದಿ, ತೆಲುಗು ದೊಡ್ಡ ಚಿತ್ರಗಳಿಗೆ ಜನ ಬರುವಷ್ಟು ಕನ್ನಡದ ಸಣ್ಣ ಚಿತ್ರಗಳಿಗೆ ಬರುವುದಿಲ್ಲ ಎಂಬುದು ನಿಜ. ಅದಕ್ಕೆ ಚಿತ್ರಮಂದಿರದವರನ್ನು ಬೈದು ಪ್ರಯೋಜನವಿಲ್ಲ. ಮನೆಯಲ್ಲೇ ಮೂವತ್ತೆರಡು ಚಿತ್ರ ನೋಡಿದ ನಾನು ಬೈಯುವುದಂತೂ ಚೆಂದವಲ್ಲ.

'ಸ್ತ್ರೀ 2' ಮಾತ್ರ ತುಂಬಿದ ಮಂದಿರದಲ್ಲಿ ನೋಡಿದೆ. ನಮ್ಮ ಊರಿನಲ್ಲಿ ಹಿಂದಿ ಚಿತ್ರ ನೋಡುವ ಮಜಾ ಬೇರೆ. ತೆರೆಯ ಮೇಲಿನ ಮಾತಿಗೆ ಹಿಂದಿನ ಸಾಲಿನಿಂದ ದಖನಿ ಉರ್ದುವಿನಲ್ಲಿ ಉತ್ತರ ಬರುತ್ತದೆ, ಅರ್ಧ ನಗು ಅದಕ್ಕೇ. ಅದೇ ಚಿತ್ರವನ್ನು ಮನೆಯಲ್ಲಿ ಒಬ್ಬನೇ ನೋಡಿದ್ದರೆ ಅರ್ಧಕ್ಕೇ ನಿಲ್ಲಿಸುತ್ತಿದ್ದೆ. 'ಕಲ್ಕಿ 2898 ಎಡಿ'ಗೆ ತಂಗಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅಶ್ವತ್ಥಾಮನಾಗಿ ಅಮಿತಾಭ್ ಬಚ್ಚನ್ ನಿಂತರೆ ಪ್ರಭಾಸ್ ಚಿಕ್ಕವನಾಗಿ ಕಾಣುತ್ತಾರೆ. ಆದರೆ ಉಳ್ಳವರು ಇರುವ ಮೇಲಿನ ಲೋಕಕ್ಕೆ ಹೋಗಲು ಹತ್ತು ಲಕ್ಷ ಯೂನಿಟ್ ಕೂಡಿಸಬೇಕು ಎಂದು ನಾಯಕ ಲೆಕ್ಕ ಹಾಕುತ್ತ ತಿರುಗುವುದು ನನಗೆ ಹಿಡಿಸಿತು. ಎಂಟುನೂರು ವರ್ಷ ಕಳೆದರೂ ಮನುಷ್ಯನಿಗೆ ಬ್ಯಾಲೆನ್ಸ್ ಸಾಲದು.

'ಯುಐ' ಶುರುವಾಗುವ ಮುನ್ನವೇ ಬುದ್ಧಿವಂತರು ಎದ್ದು ಹೋಗಬಹುದು, ದಡ್ಡರು ಪೂರ್ತಿ ನೋಡಿ ಎಂಬ ಅರ್ಥದ ಸಾಲು ಬರುತ್ತದೆ. ನಾನು ಕೊನೆಯವರೆಗೆ ಕುಳಿತಿದ್ದೆ. ಎದ್ದು ಹೋದರೆ ಟಿಕೆಟ್ ದುಡ್ಡು ಮರಳಿ ಕೊಡುವುದಿಲ್ಲವಲ್ಲ. ಉಪೇಂದ್ರ ಅವರ ಹಳೆಯ ಚಿತ್ರಗಳನ್ನು ಶಿಳ್ಳೆ ಹಾಕಿ ನೋಡಿದ ಪೀಳಿಗೆ ನಮ್ಮದು. ಈ ಸಲ ಅವರು ನಮ್ಮನ್ನು ಗದರಿಸುವುದರಲ್ಲೇ ಹೆಚ್ಚು ಹೊತ್ತು ಕಳೆದರು. ಗದರಿಸಿಕೊಳ್ಳಲು ನನಗೆ ಮಾಲೀಕರಿದ್ದಾರೆ. ಇನ್ನು 'ಪುಷ್ಪ 2' ನೋಡಲಿಲ್ಲ. ಡಿಸೆಂಬರ್ 4ರ ರಾತ್ರಿ ಹೈದರಾಬಾದಿನಲ್ಲಿ ಅದರ ಮೊದಲ ಪ್ರದರ್ಶನದ ನೂಕುನುಗ್ಗಲಿನಲ್ಲಿ ಒಬ್ಬ ತಾಯಿ ತೀರಿಕೊಂಡ ಸುದ್ದಿ ಓದಿದ ಮೇಲೆ ಹೋಗುವ ಮನಸ್ಸಾಗಲಿಲ್ಲ. ಚಿತ್ರದ ತಪ್ಪಲ್ಲದಿರಬಹುದು. ನನಗೆ ಆಗಲಿಲ್ಲ, ಅಷ್ಟೆ.

ಬೇಸಿಗೆಯಲ್ಲಿ ಮನೆಯಲ್ಲಿ ನೋಡಿದವುಗಳ ಪೈಕಿ ಮಲಯಾಳದ 'ಮಂಜುಮ್ಮೆಲ್ ಬಾಯ್ಸ್' ಹೆಂಡತಿಗೆ ಹಿಡಿಸಿತು. ಕೊಡೈಕೆನಾಲಿನ ಗುಣಾ ಗುಹೆಯ ಬಿರುಕಿಗೆ ಬಿದ್ದ ಗೆಳೆಯನನ್ನು ಹೊರತೆಗೆಯುವ ಕತೆ, 2006ರಲ್ಲಿ ನಡೆದದ್ದು. ನಮ್ಮ ಮೇ ತಿಂಗಳ ಸೆಕೆಯಲ್ಲಿ, ಕರೆಂಟು ಎರಡು ಸಲ ಹೋಗಿ ಬಂದ ನಡುವೆ, ಆ ಮಂಜು ಮತ್ತು ಕೆಸರನ್ನು ನೋಡುವುದೇ ಒಂದು ತಂಪು. ಕನ್ನಡದ 'ಶಾಖಾಹಾರಿ'ಯಲ್ಲಿ ರಂಗಾಯಣ ರಘು ಮಲೆನಾಡಿನ ಸಣ್ಣ ಊರಿನ ಸಸ್ಯಾಹಾರಿ ಹೋಟೆಲಿನ ಮಾಲೀಕ. ಕೊಲೆಯ ಕತೆಗಿಂತ ಆ ಹೋಟೆಲೇ ನನಗೆ ಮುಖ್ಯವಾಯಿತು. ಎಷ್ಟು ಗಿರಾಕಿ, ಎಷ್ಟು ಸಾಂಬಾರು, ರಾತ್ರಿ ಎಷ್ಟು ಉಳಿಯುತ್ತದೆ ಎಂದು ಆ ಮನುಷ್ಯನ ನಡಿಗೆಯಲ್ಲೇ ಗೊತ್ತಾಗುತ್ತದೆ. ಲೆಕ್ಕ ತಾಳೆಯಾದ ಚಿತ್ರ.

'ಲಾಪತಾ ಲೇಡೀಸ್' ಬಗ್ಗೆ ಎಲ್ಲರೂ ಬರೆದಾಗಿದೆ, ಹೆಚ್ಚು ಬರೆಯುವುದಿಲ್ಲ. ಕಿರಣ್ ರಾವ್ ಅವರ ಚಿತ್ರ. 2001ರ ಉತ್ತರದ ಹಳ್ಳಿ, ಮುಖ ಮುಚ್ಚಿದ ಸೆರಗಿನಿಂದಾಗಿ ರೈಲಿನಲ್ಲಿ ಇಬ್ಬರು ವಧುಗಳು ಅದಲುಬದಲಾಗುತ್ತಾರೆ. ದಾರಿ ತಪ್ಪಿದ ಹುಡುಗಿಗೆ ಗಂಡನ ಊರಿನ ಹೆಸರು ನೆನಪಿಲ್ಲ, ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಅಂಗೈಯ ಮೆಹಂದಿ ತೋರಿಸುತ್ತಾಳೆ. ಆಗ ನನ್ನ ಹೆಂಡತಿ, "ಅವರ ಕಡೆ ಒಡಪು ಹೇಳುವ ಪದ್ಧತಿ ಇಲ್ಲವೇನು? ಇದ್ದಿದ್ದರೆ ಈ ಹುಡುಗಿ ಇಷ್ಟು ಅಲೆಯುತ್ತಿರಲಿಲ್ಲ" ಎಂದಳು. ನಮ್ಮ ಕಡೆಯ ಮದುವೆಗಳಲ್ಲಿ ಮದುಮಗಳನ್ನು ಬಾಗಿಲಲ್ಲಿ ತಡೆದು, ಪ್ರಾಸ ಕಟ್ಟಿ ಗಂಡನ ಹೆಸರು ಹೇಳಿಸದೆ ಒಳಗೆ ಬಿಡುವುದಿಲ್ಲ. ಎರಡು ಗಂಟೆಯ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ. ನನಗೆ ಉಳಿದದ್ದು ಸ್ಟೇಷನ್ನಿನಲ್ಲಿ ಚಹಾದ ಅಂಗಡಿ ನಡೆಸುವ ಮಂಜು ಮಾಯಿ, ಅಂದರೆ ಛಾಯಾ ಕದಂ. ಆ ಹುಡುಗಿ ಮಾಡಿದ ಸಿಹಿಗೆ ಅವಳ ಕೈಯಲ್ಲಿ ದುಡ್ಡು ಇಡುವ ದೃಶ್ಯದಲ್ಲಿ ಭಾಷಣವಿಲ್ಲ, ಪಗಾರವಷ್ಟೇ ಇದೆ. ಮೊದಲ ಪಗಾರವನ್ನು ಎಷ್ಟೋ ಜನರ ಕೈಗೆ ಎಣಿಸಿ ಕೊಟ್ಟಿದ್ದೇನೆ. ಅವರ ಮುಖ ಹಾಗೆಯೇ ಇರುತ್ತದೆ.

ಈಗ ನೀವು ನಿಜವಾಗಿ ಕೇಳಿದ್ದಕ್ಕೆ ಬರುತ್ತೇನೆ. ವರ್ಷದ ಚಿತ್ರ ಯಾವುದು ಎಂದರೆ ಉತ್ಸವ್ ಗೋನವಾರ್ ನಿರ್ದೇಶಿಸಿದ 'ಫೋಟೋ'.

ಅದು ಬಿಡುಗಡೆಯಾದದ್ದು ಮಾರ್ಚ್ 15ಕ್ಕೆ. ಅದಕ್ಕೆ ಮೂರು ದಿನ ಮೊದಲು, ಮಾರ್ಚ್ 12ಕ್ಕೆ, ಕಲಬುರಗಿಯಿಂದ ಬೆಂಗಳೂರಿಗೆ ವಂದೇ ಭಾರತ್ ರೈಲಿಗೆ ಹಸಿರು ನಿಶಾನೆ ತೋರಿಸಿದ್ದರು. ಊರಿನಲ್ಲೆಲ್ಲ ಅದೇ ಮಾತು: ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನ ಬೆಂಗಳೂರು! ಆ ತಿಂಗಳ ಕೊನೆಗೆ ಮಗಳನ್ನು ನೋಡಲು ನಾನು ಹೋದದ್ದು ಮಾತ್ರ ರಾತ್ರಿಯ ಬಸ್ಸಿನಲ್ಲಿ. ಟಿಕೆಟ್ ದರ ನೋಡಿದ ಮೇಲೆ ಹೊಸ ರೈಲಿನ ಉತ್ಸಾಹ ಸ್ವಲ್ಪ ಇಳಿಯಿತು. ಮಗಳೇ ಈ ಚಿತ್ರಕ್ಕೆ ಕರೆದುಕೊಂಡು ಹೋದಳು.

ಕತೆ ಇಷ್ಟೇ. ನಮ್ಮ ಭಾಗದ ಹಳ್ಳಿಯ ಒಬ್ಬ ಹುಡುಗ, ಅವನ ಅಪ್ಪ ಬೆಂಗಳೂರಿನಲ್ಲಿ ಕೂಲಿ. ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆ. ಅದಕ್ಕೆಂದು ಅಪ್ಪನ ಹತ್ತಿರ ಬರುತ್ತಾನೆ. ಅಷ್ಟರಲ್ಲಿ ಲಾಕ್‌ಡೌನ್ ಘೋಷಣೆಯಾಗುತ್ತದೆ. ಬಸ್ಸಿಲ್ಲ, ರೈಲಿಲ್ಲ, ಅಪ್ಪ ಮಗ ಊರಿನ ಕಡೆ ಕಾಲು ಹಾಕುತ್ತಾರೆ. ಅಪ್ಪನಾಗಿ ಮಹಾದೇವ ಹಡಪದ ನಟಿಸಿದ್ದಾರೆ ಎಂದು ಬರೆಯಲು ಕೈ ಹಿಂಜರಿಯುತ್ತದೆ, ನಟಿಸಿದ ಹಾಗೆ ಎಲ್ಲೂ ಕಾಣುವುದಿಲ್ಲ. ಕೊನೆ ಏನಾಯಿತು ಎಂದು ಹೇಳುವುದಿಲ್ಲ. ನೀವೇ ನೋಡಿ.

ಮಾತಿನ ವಿಷಯ ಮೊದಲು. ನಮ್ಮ ಕಡೆಯ ಮಾತು ಕನ್ನಡ ಚಿತ್ರಗಳಲ್ಲಿ ಬಹುಮಟ್ಟಿಗೆ ನಗಿಸಲು ಬರುತ್ತದೆ. ಅಡುಗೆಯವನು, ಪೇದೆ, ಕುಡುಕ. ಧಾರವಾಡ, ರಾಯಚೂರು, ಕಲಬುರಗಿ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ 'ಉತ್ತರ ಕರ್ನಾಟಕ' ಎಂದು ಹೊಲಿದುಬಿಡುತ್ತಾರೆ. 'ಫೋಟೋ'ದಲ್ಲಿ ನಮ್ಮ ಕಡೆಯ ಮಾತನ್ನು ಆಡುವವರು ನಗಿಸುವುದಿಲ್ಲ. ದುಡ್ಡು ಎಣಿಸುತ್ತಾರೆ, ನೀರು ಕೇಳುತ್ತಾರೆ, ಮಗನಿಗೆ ಸುಳ್ಳು ಸಮಾಧಾನ ಹೇಳುತ್ತಾರೆ. ಬೆಂಗಳೂರಿನ ಆ ಚಿತ್ರಮಂದಿರದ ಕತ್ತಲಲ್ಲಿ ನಮ್ಮ ಮಾತು ಕೇಳಿದಾಗ, ಪರಊರಿನ ಬಸ್ ನಿಲ್ದಾಣದಲ್ಲಿ ಯಾರೋ ನಮ್ಮ ಊರಿನ ಬಸ್ಸಿನ ಫಲಕ ಓದಿದಂತಾಯಿತು.

ಎರಡನೆಯದು, ನೆನಪು. ಕೊರೊನಾದಿಂದ ದೇಶದಲ್ಲೇ ಮೊದಲ ಸಾವು ದಾಖಲಾದದ್ದು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚಿನಲ್ಲಿ. ಇಡೀ ದೇಶಕ್ಕೆ ಬೀಗ ಬೀಳುವ ಮೊದಲೇ ನಮ್ಮ ಓಣಿಗಳಲ್ಲಿ ಬಾಗಿಲು ಮುಚ್ಚಿದ್ದವು. ಏಪ್ರಿಲಿನಲ್ಲಿ ಮಿಲ್ಲಿಗೆ ಹೋಗಿಬರಲು ನನಗೊಂದು ಪಾಸ್ ಸಿಕ್ಕಿತ್ತು. ಒಂದು ದಿನ ನಮ್ಮ ಹಮಾಲರಲ್ಲಿ ಹಿರಿಯರೊಬ್ಬರು ಬಂದು, ಮಗ ಬೆಂಗಳೂರಿನಿಂದ ಹೊರಟಿದ್ದಾನೆ, ಸ್ವಲ್ಪ ದೂರ ನಡೆದು, ಸ್ವಲ್ಪ ದೂರ ಲಾರಿಯಲ್ಲಿ ಬಂದಿದ್ದಾನೆ, ಈಗ ಎಲ್ಲಿದ್ದಾನೋ ಗೊತ್ತಿಲ್ಲ, ಎರಡು ಸಾವಿರ ಬೇಕಿತ್ತು ಎಂದರು. ಕೊಟ್ಟೆ. ಕಿರ್ದಿಯಲ್ಲಿ ಬರೆದೆ: "ಹಮಾಲಿ ಮುಂಗಡ, ರೂ. 2,000." ಮಗ ಆರು ದಿನದ ಮೇಲೆ ಮುಟ್ಟಿದ. ಮುಂಗಡ ಮೂರು ತಿಂಗಳಲ್ಲಿ ವಜಾ ಆಯಿತು. ಲೆಕ್ಕ ತಾಳೆಯಾಯಿತು, ನಾನು ಮರೆತೂ ಬಿಟ್ಟೆ. ನಾಲ್ಕು ವರ್ಷದ ಮೇಲೆ ಆ ಚಿತ್ರದಲ್ಲಿ ಅಪ್ಪ ಮಗ ಹೆದ್ದಾರಿಯ ಬದಿಗೆ ನಡೆಯುತ್ತಿರುವಾಗ ನನ್ನ ಕಣ್ಣ ಮುಂದೆ ಬಂದದ್ದು ನನ್ನದೇ ಕೈಬರಹದ ಆ ಸಾಲು. ಹುಡುಗನ ಕಾಲು ಹೇಗಿದ್ದವು, ಆರು ದಿನ ಏನು ತಿಂದ ಎಂದು ನಾನು ಒಂದು ಮಾತೂ ಕೇಳಿರಲಿಲ್ಲ.

ಹೊರಗೆ ಬಂದ ಮೇಲೆ ಮಗಳು, ಇಲ್ಲಿಯವರೆಗೆ ಬಂದಿದ್ದೇವೆ, ಮೆಟ್ರೊದಲ್ಲಿ ವಿಧಾನಸೌಧದ ಕಡೆ ಹೋಗಿ ಬರೋಣ ಎಂದಳು. ಸಂಜೆಯ ಹೊತ್ತು, ರಸ್ತೆಯ ಈಚೆ ಬದಿಯಲ್ಲಿ ಹತ್ತಾರು ಜನ ಫೋಟೋ ತೆಗೆದುಕೊಳ್ಳುತ್ತಿದ್ದರು. ಒಬ್ಬ ಅಪ್ಪ ಮಗುವನ್ನು ಹೆಗಲ ಮೇಲೆ ಕೂಡಿಸಿಕೊಂಡು, ಗುಮ್ಮಟ ಪೂರ್ತಿ ಬರಲಿ ಎಂದು ಹಿಂದೆ ಹಿಂದೆ ಸರಿಯುತ್ತಿದ್ದ. "ಅಪ್ಪಾ, ಆ ಕಡೆ ನಿಲ್ಲಿ, ನಿಮ್ಮದೊಂದು ತೆಗೆಯುತ್ತೇನೆ" ಎಂದಳು ಮಗಳು. ಬೇಡ ಎಂದೆ. ಯಾಕೆ ಎಂದು ಅವಳೂ ಕೇಳಲಿಲ್ಲ.

ಎರಡನೆಯ ಸ್ಥಾನ ತಮಿಳಿನ 'ಮೆಯ್ಯಳಗನ್'ಗೆ. ಸಿ. ಪ್ರೇಮ್‌ಕುಮಾರ್ ಅವರದು. ದೀಪಾವಳಿಯ ಖಾತೆ ಪೂಜೆ ಮುಗಿಸಿ, ಮರುದಿನ ಮಧ್ಯಾಹ್ನ ನೋಡಿದೆವು. ತಂಜಾವೂರಿನ ಪಿತ್ರಾರ್ಜಿತ ಮನೆ ಕಳೆದುಕೊಂಡು ಊರು ಬಿಟ್ಟವನು (ಅರವಿಂದ ಸ್ವಾಮಿ) ಇಪ್ಪತ್ತೆರಡು ವರ್ಷದ ಮೇಲೆ ತಂಗಿಯ ಮದುವೆಗೆ ಬರುತ್ತಾನೆ. ಅಲ್ಲಿ ಒಬ್ಬ ಸಂಬಂಧಿ (ಕಾರ್ತಿ) ಅವನಿಗೆ ಅಂಟಿಕೊಂಡುಬಿಡುತ್ತಾನೆ. ಇವನ ಬಾಲ್ಯ, ಇವನ ಸೈಕಲ್ಲು ಎಲ್ಲವೂ ಅವನಿಗೆ ಗೊತ್ತು. ಇವನಿಗೆ ಅವನ ಹೆಸರೇ ನೆನಪಿಲ್ಲ. ಕೇಳಲು ಸಂಕೋಚ. ಇಷ್ಟೇ ಎಳೆಯಲ್ಲಿ ಒಂದು ರಾತ್ರಿ ಕಳೆಯುತ್ತದೆ. ಉದ್ದವಾಯಿತು ಎಂದು ಬಿಡುಗಡೆಯ ನಂತರ ಸುಮಾರು ಹದಿನೆಂಟು ನಿಮಿಷ ಕತ್ತರಿಸಿದರಂತೆ. ಮೊದಲೇ ಕತ್ತರಿಸಿದ್ದರೂ ನಡೆಯುತ್ತಿತ್ತು. ಮಾತು ಕೆಲವು ಕಡೆ ಬೆಲ್ಲದ ಪಾಕದಂತೆ ಎಳೆ ಎಳೆಯಾಗುತ್ತದೆ. ಆದರೂ ನಾನು ಒಮ್ಮೆಯೂ ಎದ್ದು ಹೋಗಲಿಲ್ಲ. ಕಾರಣ, ನನಗೂ ಅಂಥವನೊಬ್ಬ ಇದ್ದ.

ಎರಡು ವರ್ಷದ ಹಿಂದೆ ಸೇಡಂನಲ್ಲಿ ಹೆಂಡತಿಯ ಕಡೆಯವರ ಒಂದು ಮದುವೆ. "ಏನು ಮಾವ, ಗುರುತು ಸಿಗಲಿಲ್ಲವೇ?" ಎಂದು ಒಬ್ಬರು ಕೈ ಹಿಡಿದರು. "ಸಿಗದೆ ಏನು!" ಎಂದೆ. ಸುಳ್ಳು. ಅವರು ಪಕ್ಕದಲ್ಲೇ ಕೂಡಿಸಿಕೊಂಡು, ಹೋಳಿಗೆಗೆ ಎರಡು ಸಲ ತುಪ್ಪ ಹಾಕಿಸಿದರು. ಮಗಳು ಏನು ಓದುತ್ತಾಳೆ, ನನ್ನ ಮೊಣಕಾಲು ನೋವು ಹೇಗಿದೆ, ಈ ಸಲ ತೊಗರಿಗೆ ನೆಟೆ ರೋಗ ಬಿತ್ತೇ ಎಂದೆಲ್ಲ ಕೇಳಿದರು. ಸಂಜೆ ಬೈಕಿನಲ್ಲಿ ಬಸ್ ನಿಲ್ದಾಣದವರೆಗೆ ಬಿಟ್ಟು, ಸೀಟು ಹಿಡಿದು ಕೊಟ್ಟು, ನಂಬರು ಕೊಟ್ಟು ಹೋದರು. ಬಸ್ಸಿನಲ್ಲಿ ಹೆಂಡತಿಯನ್ನು ಕೇಳಿದರೆ, "ನಾನು ನಿಮ್ಮ ಕಡೆಯವರು ಅಂದುಕೊಂಡಿದ್ದೆ" ಎಂದಳು. ಮೊಬೈಲಿನಲ್ಲಿ ಅವರ ಹೆಸರು 'ಸೇಡಂ ಮದುವೆ' ಎಂದೇ ಉಳಿಯಿತು.

ಚಿತ್ರ ಮುಗಿದ ಮೇಲೆ ಹೆಂಡತಿ ನನ್ನ ಮುಖ ನೋಡಿದಳು. ಇದು ಟಿಕೆಟ್ ಕೌಂಟರಿನ ನೋಟವಲ್ಲ, ಬೇರೆ. ಫೋನು ಮಾಡಿದೆ. "ಮಾವ, ಎಷ್ಟು ದಿನ ಆಯಿತು! ಎಳ್ಳು ಅಮಾವಾಸ್ಯೆಗೆ ನಮ್ಮ ಹೊಲಕ್ಕೆ ಬರಲೇಬೇಕು" ಎಂದರು. ಹೆಸರು ಕೇಳುವ ಧೈರ್ಯ ಆಗಲೂ ಬರಲಿಲ್ಲ.

ಡಿಸೆಂಬರ್ 30ಕ್ಕೆ ಹೋದೆವು. ಹೊಲದಲ್ಲಿ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಎಡೆ ಎರಚಿ, ಬನ್ನಿ ಗಿಡದ ನೆರಳಿನಲ್ಲಿ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಇಟ್ಟುಕೊಂಡು ಕುಳಿತೆವು. ಎರಡನೆಯ ಬಟ್ಟಲು ಅಂಬಲಿಗೆ ನನ್ನ ಹೆಂಡತಿ, ಅವಳಿಗೆ ಇಂಥ ಸಂಕೋಚಗಳಿಲ್ಲ, ನೇರವಾಗಿ ಕೇಳಿಯೇಬಿಟ್ಟಳು: "ಅಣ್ಣಾ, ತಪ್ಪು ತಿಳಿಯಬೇಡಿ, ನಿಮ್ಮ ಹೆಸರೇನು?" ಅವರ ಮನೆಯಾಕೆ ಸೆರಗು ಬಾಯಿಗೆ ಒತ್ತಿ ನಗತೊಡಗಿದರು. ಅವರು ಹೆಸರು ಹೇಳಿದರು. ಹೆಂಡತಿಯ ಅಜ್ಜಿಯ ತವರಿನ ಕಡೆಯವರಂತೆ. ಆಮೇಲೆ ಜೇಬಿನಿಂದ ಮೊಬೈಲು ತೆಗೆದು, ಸ್ವಲ್ಪ ನಾಚಿಕೊಂಡೇ ನನ್ನ ಮುಂದೆ ಹಿಡಿದರು. ಅದರಲ್ಲಿ ನನ್ನ ನಂಬರಿನ ಮೇಲೆ 'ಗಂಜ್ ಮಾವ' ಎಂದಿತ್ತು.

"ನಿಮ್ಮ ಹೆಸರೇನು ಮಾವ?" ಎಂದರು.